ಮೀಸಲು ಟೊಂಗೆ

ಬೈಲಹೊಂಗಲದ ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿ ಬೇಸಗೆ ಮುಗಿಯದ ಗೋದಾಮು ಒಂದಿತ್ತು. ಹೊರಗೆ ಮಳೆ ಬರಲಿ, ಚಳಿ ಬರಲಿ, ಒಳಗೆ ದೊಡ್ಡ ಸಿಮೆಂಟ್ ಬಾನಿಯಲ್ಲಿ ಹೊರಸಿನಷ್ಟು ಅಗಲಕ್ಕೆ ಹರಡಿಕೊಂಡಿದ್ದ ಸೇವಂತಿಗೆ ಗಿಡಕ್ಕೆ ಮಾತ್ರ ಯಾವಾಗಲೂ ವೈಶಾಖದ ಉದ್ದ ಹಗಲು. ಅದನ್ನು ಹಾಗೆ ನಂಬಿಸಿದವಳು ಶೈಲಜಾ. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಈ ಮನೆಗೆ ಸೊಸೆಯಾಗಿ ಬಂದವಳು, ಮಾವ ಹತ್ತಿ ಅಂಡಿಗೆ ಒಟ್ಟುತ್ತಿದ್ದ ಗೋದಾಮಿಗೆ ಸುಣ್ಣ ಬಳಿಸಿ, ಕಿಟಕಿಗಳನ್ನು ಮುಚ್ಚಿಸಿ, ಸಾಲಾಗಿ ಎಲ್‌ಇಡಿ ದೀಪ ಇಳಿಬಿಟ್ಟಿದ್ದಳು.

ಸೇವಂತಿಗೆ ಎನ್ನುವುದು ಉದ್ದ ರಾತ್ರಿ ಸಿಕ್ಕಿದರಷ್ಟೇ ಮೊಗ್ಗು ಕಟ್ಟುವ ಗಿಡ. ಕತ್ತಲಿನ ನಡುವೆ ಒಂದಿಷ್ಟು ಹೊತ್ತು ದೀಪ ಹತ್ತಿದರೂ ಅದರ ಲೆಕ್ಕ ತಪ್ಪುತ್ತದೆ. ಇನ್ನೂ ಬೇಸಗೆಯೇ ಎಂದುಕೊಂಡು ಹೂವಿನ ಗೊಡವೆ ಬಿಟ್ಟು ಚಿಗುರುತ್ತಲೇ ಇರುತ್ತದೆ. ಆ ಚಿಗುರನ್ನು ಬೆರಳುದ್ದ ಕತ್ತರಿಸಿ ಕೋಕೋಪೀಟ್ ತುಂಬಿದ ಟ್ರೇಯಲ್ಲಿ ಊರಿದರೆ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಕತ್ತರಿ ವಾರ ವಾರವೂ ಆಡಬೇಕು. ತಪ್ಪಿದರೆ ತಾಯಿ ಗಿಡದ ಟೊಂಗೆಗಳು ಬಲಿತು ಕಟ್ಟಿಗೆಯಾಗುತ್ತವೆ. ಬಲಿತ ಟೊಂಗೆಯ ತುಂಡಿಗೆ ಬೇರಿನ ಆಸೆ ಇರುವುದಿಲ್ಲ.

ಇಂಥ ತಾಯಿ ಗಿಡಗಳು ಶೈಲಜಾಳ ಬಳಿ ಮೊದಲು ಐದಾರು ಇದ್ದವು. ಎಲ್ಲವೂ ಮನೋಳಿಯ ಭಾಗೀರಥಿ ಎಂಬ ಪರಿಚಯದವಳ ಹಿತ್ತಲಲ್ಲಿದ್ದ ತಾಮ್ರ ಬಣ್ಣದ ಹೂವಿನ ಒಂದೇ ಬುಡದಿಂದ ಬಂದವು. ಆ ಹಿತ್ತಲನ್ನು ಮಲಪ್ರಭೆಯ ನೆರೆ ಒಯ್ದಿತು. ಗೋದಾಮಿನ ಉಳಿದ ತಾಯಿ ಗಿಡಗಳು ಕಳೆದ ಮಳೆಗಾಲದಲ್ಲಿ ಬೇರು ಕೊಳೆತು ಹೋದವು. ಊರೂರಿಗೆ ಮಾರಿದ ಗಿಡಗಳಿಗೆ ಹೇನು, ರೋಗ ಏನೇನು ತಗಲಿರುತ್ತದೋ ಹೇಳಲಾಗದು. ರೋಗವಿಲ್ಲದ್ದು ಎಂದು ಧೈರ್ಯವಾಗಿ ಹೇಳಬಹುದಾದದ್ದು ಈ ಬಾನಿಯದ್ದೊಂದೇ. ಅದರ ಈ ವಾರದ ಚಿಗುರಿನಿಂದಲೇ ಹೊಸ ತಾಯಿ ಗಿಡಗಳನ್ನು ಎಬ್ಬಿಸಬೇಕು, ಇಲ್ಲದಿದ್ದರೆ ನರ್ಸರಿಯ ಆಸೆ ಬಿಡಬೇಕು ಎಂದುಕೊಂಡು ಶೈಲಜಾ ಒಂದು ಸೋಮವಾರ ಕತ್ತರಿ ಹಿಡಿದಿದ್ದಳು. ಆಗ ಅತ್ತೆ ಚನ್ನವ್ವ ಒಳಗೆ ಬಂದರು.

ಗೋದಾಮು ಚನ್ನವ್ವನ ಹೆಸರಿನಲ್ಲಿತ್ತು. ಅದರ ಕೀಲಿಕೈ ಅವರ ಸೊಂಟದಲ್ಲಿತ್ತು. ಬಾನಿಯ ಸುತ್ತ ಒಂದು ಸುತ್ತು ಹಾಕಿ ಅವರು ಕೇಳಿದರು.

“ಇದು ಹೂ ಬಿಟ್ಟಿದ್ದು ನಾ ಒಂದಿನಾನೂ ನೋಡಲಿಲ್ಲಲ್ಲವಾ.”

“ಬಿಡಂಗಿಲ್ರಿ ಅತ್ಯಾರ. ಬಿಡಾಕ ಕೊಡಂಗಿಲ್ಲ ನಾವು.”

“ಕೊಡಂಗಿಲ್ಲ ಅಂದ್ರ?”

“ಹೂ ಬಿಟ್ರ ಚಿಗುರು ನಿಂತ ಹೋಗತೈತ್ರಿ. ಅದಕ್ಕ ದೀಪ ಹಚ್ಚಿ ಹಗಲ ಮಾಡಿ ಇಟ್ಟೇನಿ.”

ಚನ್ನವ್ವ ಬಾನಿಯ ಅಂಚಿನ ಮೇಲೆ ಕುಳಿತರು. “ಹಂಗಾರ ಜಗಲಿಗೆ ಮೊದಲ ಹೂ ಏರಿಸಲಾರದ ಎರಡ ವರ್ಷದಿಂದ ಇದರ ಮೈಯಾಗಿಂದು ಕೊಯ್ದ ಕೊಯ್ದ ಉಣ್ಣಾಕ ಹತ್ತೇವಿ ಅನ್ನು.”

ಆ ಮನೆಯಲ್ಲಿ ಮೀಸಲು ಎಂದರೆ ಹುಡುಗಾಟವಲ್ಲ. ಮೊದಲ ಜೋಳದ ತೆನೆ, ಎಮ್ಮೆ ಈದಾಗಿನ ಮೊದಲ ಗಿಣ್ಣ, ಬಳ್ಳಿಯ ಮೊದಲ ಹೀರೇಕಾಯಿ, ಎಲ್ಲವೂ ದೇವರಮನೆಯ ಜಗಲಿಯ ಮೇಲಿನ ವೀರಭದ್ರ ದೇವರಿಗೆ. ಅಲ್ಲಿಯವರೆಗೆ ಮನೆಯವರು ಅದರ ವಾಸನೆಯನ್ನೂ ನೋಡುವಂತಿಲ್ಲ. ಫ್ರಿಜ್ ತಂದ ವರ್ಷ ಚನ್ನವ್ವ ಅದರಲ್ಲಿ ಕಟ್ಟಿದ ಮೊದಲ ಬರ್ಫನ್ನು ಜಗಲಿಗೆ ಇಟ್ಟಿದ್ದರು. ಕರಗಿದ ನೀರನ್ನು ಎಲ್ಲರೂ ತೀರ್ಥವೆಂದು ಕುಡಿದಿದ್ದರು.

ಇದೆಲ್ಲ ಗೊತ್ತಿದ್ದ ಶೈಲಜಾ ಸುಮ್ಮನಿರಬಹುದಿತ್ತು. ಆದರೆ ಓದಿದವರ ಕಷ್ಟವೆಂದರೆ, ಸರಿಯಾದ ಉತ್ತರವೊಂದು ತಲೆಯಲ್ಲಿದ್ದಾಗ ಅದನ್ನು ಹೇಳದೆ ಇರಲು ಬರುವುದಿಲ್ಲ.

“ಹಂಗಲ್ರಿ ಅತ್ಯಾರ,” ಎಂದಳು. “ಬೀಜದಿಂದ ಹುಟ್ಟಿದ್ದು ಬ್ಯಾರಿ ಗಿಡ. ಆದ್ರ ತುಂಡಿಂದ ಬಂದಿದ್ದು ಬ್ಯಾರಿ ಅಲ್ಲ, ಇದ ಗಿಡ. ಕಿತ್ತೂರಾಗಿರೂದು ಇದ, ರಾಮದುರ್ಗದಾಗಿರೂದು ಇದ. ಒಂದ ಗಿಡ ಹತ್ತ ಕಡೆ ನಿಂತೈತಿ, ಅಷ್ಟ. ಅಲ್ಲೆಲ್ಲಾ ಹೂ ಬಿಟ್ಟಾವು, ದೇವರಿಗೂ ಏರ್ಯಾವು. ಅಂದ್ರ ಇದರ ಮೀಸಲ ಮುಟ್ಟಿದಂಗ ಆತಲ್ರಿ.”

ಹೇಳಿ ಮುಗಿಸಿದಾಗ ಅವಳಿಗೆ ತನ್ನ ಮಾತಿನ ಬಗ್ಗೆ ಒಳಗೊಳಗೆ ಹೆಮ್ಮೆಯೇ ಆಯಿತು. ಚನ್ನವ್ವ ಅದನ್ನು ಪೂರ್ತಿ ಒಪ್ಪಿಕೊಂಡರು. ಅನಾಹುತ ಶುರುವಾದದ್ದು ಅಲ್ಲಿಂದಲೇ.

ಅವರು ಅಲ್ಲೇ ಕುಳಿತು ಕಿತ್ತೂರಿನ ಸಂಗಪ್ಪನಿಗೆ ಫೋನ್ ಹಚ್ಚಿದರು. ಹೆದ್ದಾರಿಯ ಬದಿಯಲ್ಲಿ ಪಾಲಿಹೌಸ್ ಹಾಕಿಕೊಂಡಿದ್ದ ಸಂಗಪ್ಪ ಈ ಗಿಡದ ಮೊಟ್ಟಮೊದಲ ಗಿರಾಕಿ. ಬರುವ ಮದುವೆ ಸುಗ್ಗಿಗೆ ಹೊಸ ಸಸಿಗಳನ್ನು ಹೇಳಿಟ್ಟಿದ್ದವನೂ ಅವನೇ.

“ಸಂಗಪ್ಪಣ್ಣ, ನಿಮ್ಮಲ್ಲೆ ಈ ಶ್ಯಾವಂತಿಗಿ ಬಿಟ್ಟಾಗ ಮೊದಲನೇ ಹೂ ಯಾರ ಹರದ್ರಿ?”

“ಮೊದಲನೇದೇನ್ರಿ ಅಕ್ಕಾರ? ನನ್ನ ಮೊಮ್ಮಗಳು ಪೂನಮ್ ಹರಕೊಂಡು ಜಡಿಗೆ ಇಟಗೊಂಡು ಸಾಲಿ ಗ್ಯಾದರಿಂಗಿಗೆ ಹೋದ್ಲರಿ. ಭಾಳ ಚಂದ ಕಾಣತಿತ್ತು. ಫೋಟೋ ಐತಿ, ಕಳಸ್ಲೇನ್ರಿ?”

ಫೋಟೋ ಬಂತು. ಪೂನಮ್ ಬೆನ್ನು ತಿರುಗಿಸಿ ನಿಂತಿದ್ದಳು. ಜಡೆಯಲ್ಲಿ ತಾಮ್ರ ಬಣ್ಣದ ಹೂ ಸಾಕ್ಷಿ ಹೇಳುತ್ತಿತ್ತು.

“ನೀನ ಅಂದಿ, ಅದೂ ಇದ ಗಿಡ ಅಂತ,” ಎಂದರು ಚನ್ನವ್ವ. “ಅಂದ್ರ ನಮ್ಮ ಗಿಡದ ಮೀಸಲ ಕಿತ್ತೂರಿನ ಸಾಲ್ಯಾಗ ಮುರದೈತಿ.” ಸೊಸೆಯ ಕೈಯಿಂದ ಕತ್ತರಿ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. “ಇದು ಬಗಿಹರಿಯೂತನಾ ಇದಕ್ಕ ಕಬ್ಬಣ ಮುಟ್ಟಸಬ್ಯಾಡ. ಬಾಗಲದಿಂದ ಒಂದ ಎಲಿ ಹೊರಗ ಹೋಗಬಾರದು.”

ರಾತ್ರಿ ಊಟಕ್ಕೆ ಕುಳಿತಾಗ ಶೈಲಜಾ ಗಂಡನ ಮುಖ ನೋಡಿದಳು. ಸವದತ್ತಿಯ ಬ್ಯಾಂಕಿನಲ್ಲಿ ದಿನವಿಡೀ ಎರಡೂ ಕಡೆಯವರ ಮಾತಿಗೆ ಹೌದೆಂದು ತಲೆಯಾಡಿಸಿ ಬರುತ್ತಿದ್ದ ಶ್ರೀಶೈಲ, ಅತ್ತೆ ಸೊಸೆ ಇಬ್ಬರಿಗೂ ಹೌದೆಂದು ತಲೆಯಾಡಿಸಿ ಮಜ್ಜಿಗೆ ಕೇಳಿದ.

ಗಿಡ ಕೊಂಡವರಿಗೆಲ್ಲ ಸುದ್ದಿ ಮುಟ್ಟಿತು. ಮುಟ್ಟಿದ್ದು ಮೀಸಲಿನ ಸುದ್ದಿಗಿಂತ ಹೆಚ್ಚಾಗಿ, ಎಲ್ಲೆಲ್ಲಿಯೂ ಇರುವುದು ಒಂದೇ ಗಿಡ ಎಂಬ ಸುದ್ದಿ. ವಾರ ಕಳೆಯುವುದರೊಳಗೆ ಗೋದಾಮಿನ ಮುಂದೆ ಜನ ನಿಂತರು. ರಾಮದುರ್ಗದಿಂದ ಹೊಲಿಗೆ ಅಂಗಡಿಯ ಯಶೋಧಾ ಬಂದಳು. ಅವಳ ಕುಂಡದ ಗಿಡಕ್ಕೆ ಕರಿಹೇನು ಹತ್ತಿತ್ತು.

“ನಾ ಅಲ್ಲೆ ಔಷಧ ಹೊಡದ್ರ ನನಗ ಕೆಮ್ಮ ಬರತೈತ್ರಿ ಮೇಡಂ,” ಎಂದಳು. “ಹೆಂಗೂ ಒಂದ ಗಿಡ ಅಲ್ರಿ, ನೀವ ಇಲ್ಲೆ ಹೊಡೀರಿ. ಅಲ್ಲಿ ಹೇನ ಸಾಯತಾವು.”

ಸವದತ್ತಿಯಿಂದ ಭೀಮಶಿ ಬಂದ. ಹತ್ತು ನಿಮಿಷ ಬಿಟ್ಟು ಅವನ ತಮ್ಮ ಬಾಳು ಬಂದು, ಅಣ್ಣ ಕಾಣದಂತೆ ಕಂಬದ ಮರೆಗೆ ನಿಂತ. ಆಸ್ತಿ ಪಾಲಾಗಿ, ಅಂಗಳದ ನಡುವೆ ಗೋಡೆ ಎದ್ದು, ಇಬ್ಬರಿಗೂ ಮಾತಿರಲಿಲ್ಲ. ಗೊತ್ತಿಲ್ಲದೆ ಇಬ್ಬರೂ ಒಂದೊಂದು ಸೇವಂತಿಗೆ ಒಯ್ದಿದ್ದರು.

“ನಾವು ಬ್ಯಾರಿ ಆದವರ್ರಿ,” ಎಂದ ಭೀಮಶಿ. “ಕೋರ್ಟಿನ ಕಾಗದ ಐತಿ. ಅವನ ಅಂಗಳದಾಗ ಇರೂ ಗಿಡಾನ ನನ್ನ ಅಂಗಳದಾಗೂ ಐತಿ ಅಂದ್ರ ನಾವು ಮತ್ತ ಕೂಡಿದಂಗ ಆಗಂಗಿಲ್ಲೇನ್ರಿ?”

“ಅವಗ ಹೇಳ್ರಿ, ಕೂಡಾಕ ನಾನೂ ಒಲ್ಲೆ ಅಂತ,” ಎಂದಿತು ಕಂಬ.

ನ್ಯಾಯ ಹೇಳಲು ಪಕ್ಕದ ಬೀಜ ಗೊಬ್ಬರದಂಗಡಿಯ ಮಲಕಾಜಪ್ಪನವರನ್ನು ಕರೆಸಿದರು. ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಓಣಿಯ ತಂಟೆ ತಕರಾರುಗಳೇ ಅವರ ಕಸುಬು. ಗೋದಾಮಿನಲ್ಲಿ ಹತ್ತಿ ತೂಗುವ ಹಳೆಯ ಕಾಟಾ ಇನ್ನೂ ಉಳಿದಿತ್ತು. ಅದರ ಹಲಗೆಯ ಮೇಲೆಯೇ ಅವರು ಕುಳಿತರು. ಮಾತಾಡುವಾಗ ಮೈ ಅಲುಗಿದಂತೆಲ್ಲ ಕಾಟಾದ ಮುಳ್ಳೂ ಹಿಂದೆ ಮುಂದೆ ಅಲುಗುತ್ತಿತ್ತು. ಚುರಮುರಿ, ಚಹಾ ಬಂತು. ಎಲ್ಲರ ಮಾತನ್ನೂ ಕೇಳಿ ಅವರು ಶೈಲಜಾಳ ಕಡೆ ತಿರುಗಿದರು.

“ಒಂದ ಗಿಡ ಅಂದಿದ್ದು ಖರೇನ ಏನವಾ?”

“ಖರೇರಿ ಅಜ್ಜಾರ. ಆದ್ರ ನಾ ಹೇಳಿದ್ದ ಅರ್ಥ...”

“ಅರ್ಥ ನಾವು ಮಾಡಕೋತೇವಿ.” ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಅವರು ಯೋಚಿಸಿದರು. “ಒಂದ ಗಿಡ ಅಂದಮ್ಯಾಲ ಕಿತ್ತೂರಾಗ ಮುರದಿದ್ದು ಇಲ್ಲೂ ಮುರದಂಗ. ಹೊಸದಾಗಿ ಮೀಸಲ ಹಿಡೀಬೇಕು. ಎಲ್ಲಾ ಊರಾಗಿನ ಹೂ ಒಂದ ದಿನ ಹರದ ಗಿಡಾ ಬೋಳ ಮಾಡ್ರಿ. ಆಮ್ಯಾಲ ಬಂದಿದ್ದು ದೇವರಿಗೆ.”

ಕಿತ್ತೂರಿನಿಂದ ಬಂದು ಕುಳಿತಿದ್ದ ಸಂಗಪ್ಪ ಚುರಮುರಿಯ ಕಾಗದ ಕೆಳಗಿಟ್ಟ. “ನನ್ನ ಪಾಲಿಹೌಸ್ ತುಂಬಾ ಹೂ ನಿಂತಾವ್ರಿ. ಬೋಳ ಮಾಡಾಕ ಬಂದವರ ಕೈ ಮುರೀತೇನಿ.”

“ಇವನ ಮಾತಿನ್ಯಾಗೂ ಅರ್ಥ ಐತಿ,” ಎಂದರು ಮಲಕಾಜಪ್ಪ. ಮುಳ್ಳು ಅಲುಗಾಡಿ ನಿಂತಿತು. “ಹಂಗಾರ ಇಲ್ಲಿ ಬಾನ್ಯಾಗಿನ ಗಿಡಾನ ಹೂ ಬಿಡಲಿ.”

ಶೈಲಜಾ ಬಾನಿಯ ಕಡೆ ತಿರುಗಿದಳು. ಇಡೀ ಗಿಡಕ್ಕೆ ಉದ್ದ ರಾತ್ರಿ ಕೊಟ್ಟರೆ ಚಿಗುರುಗಳೆಲ್ಲ ಮೊಗ್ಗಾಗುತ್ತವೆ. ಹೊಸ ತಾಯಿ ಗಿಡ ಮಾಡಲು ಒಂದು ತುಂಡೂ ಸಿಗದು. ಕತ್ತರಿ ಹೀಗೆ ಅತ್ತೆಯ ಸೆರಗಿನಲ್ಲೇ ಉಳಿದರೆ ಬಾನಿಯಲ್ಲಿ ಒಂದು ಹೊರೆ ಸೌದೆ ಮಾತ್ರ ಸಿಗುತ್ತದೆ. ಆಗಲೇ ತುದಿಗಳು ಬಿರುಸಾಗುತ್ತಿದ್ದವು. ಆ ಗದ್ದಲದಲ್ಲಿ ಅವಳಿಗೆ ಕಾಲೇಜಿನಲ್ಲಿ ಓದಿದ್ದೊಂದು ನೆನಪಾಯಿತು. ಹಗಲು ರಾತ್ರಿಯ ಉದ್ದವನ್ನು ಅಳೆಯುವುದು ಎಲೆಗಳು. ಒಂದೇ ಗಿಡದ ಒಂದು ಟೊಂಗೆಗೆ ಮಾತ್ರ ಕತ್ತಲು ಮಾಡಿದರೆ ಅದೊಂದೇ ಹೂ ಬಿಡುತ್ತದೆ; ಉಳಿದವಕ್ಕೆ ಸುದ್ದಿಯೂ ಮುಟ್ಟುವುದಿಲ್ಲ.

“ಅಜ್ಜಾರ,” ಎಂದಳು, “ಜೋಳದ ರಾಶಿ ಆದಾಗ ಮೀಸಲ ಹೆಂಗ ತಗೀತೀರಿ?”

“ಒಂದ ಮರ ತುಂಬ ಜೋಳ ಬಾಜೂಕ ತಗದ ಇಡೂದು. ಆಮ್ಯಾಲ ಉಳದ ರಾಶಿ ಅಳಿಯೂದು.”

“ಹಂಗ ಒಂದ ಟೊಂಗಿ ಮೀಸಲ ತಗದ ಇಡೂನ್ರಿ. ಅದನ್ನಷ್ಟ ದಿನಾ ಸಂಜಿಕ ಕರೇ ಚೀಲದಾಗ ಮುಚ್ಚಿ ಮುಂಜಾನಿ ತಗಿಯೂದು. ಅದು ಹೂ ಬಿಡತೈತಿ. ಉಳದಿದ್ದಕ್ಕ ಕತ್ತರಿ ಹಚ್ಚಾಕ ಕೊಡ್ರಿ.”

ಮಲಕಾಜಪ್ಪ ಚನ್ನವ್ವನ ಮುಖ ನೋಡಿದರು. ಚನ್ನವ್ವ ಗಿಡದ ಮುಖ ನೋಡಿದರು. ಕೊನೆಗೆ ತೀರ್ಪಾಯಿತು: ಟೊಂಗೆಗೆ ಅರಿಶಿನದ ದಾರ ಕಟ್ಟಿ ಮೀಸಲು ಹಿಡಿಯುವುದು, ಉಳಿದದ್ದನ್ನು ಕತ್ತರಿಸಲು ಅಡ್ಡಿಯಿಲ್ಲ, ಆದರೆ ಕತ್ತರಿಸಿದ್ದು ಯಾವುದೂ ಮೀಸಲು ಹೂ ಜಗಲಿ ಏರುವವರೆಗೆ ಗೋದಾಮು ದಾಟಬಾರದು. ಹೂವೇ ಬರಲಿಲ್ಲವೆಂದರೆ ಗಿಡ ಮರಿ ಸಮೇತ ಎಲ್ಲವೂ ಹೊಳೆಗೆ.

ಛತ್ರಿಯ ಕರಿ ಬಟ್ಟೆಯನ್ನು ಎರಡು ಪದರ ಮಾಡಿ ಚೀಲ ಹೊಲಿದುಕೊಟ್ಟವಳು ಯಶೋಧಾ. ಕರಿಹೇನಿನ ಔಷಧ ಮಾತ್ರ ಅವಳಿಗೆ ಬಾನಿಗೇ ಹೊಡೆಸಿಕೊಂಡು ಹೋಗುವ ಹಟ. ಅವಳ ಸಮಾಧಾನಕ್ಕೆ ಶೈಲಜಾ ಬರೀ ನೀರು ಸಿಂಪಡಿಸಿದಳು. ಮೂರನೇ ದಿನ ಯಶೋಧಾ ಫೋನ್ ಮಾಡಿ, ಹೇನು ಅರ್ಧಕ್ಕರ್ಧ ಇಳಿದಿವೆ, ಇನ್ನೊಮ್ಮೆ ಹೊಡೆಯಿರಿ ಎಂದಳು.

ಚೀಲ ತೊಡಿಸುವ ಕೆಲಸವನ್ನು ಚನ್ನವ್ವ ತಾವೇ ವಹಿಸಿಕೊಂಡರು. ಸಂಜೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಗೋದಾಮಿಗೆ ಬಂದು, ಟೊಂಗೆಯ ಎಲೆಗಳನ್ನು ಮೆಲ್ಲಗೆ ಒಟ್ಟುಗೂಡಿಸಿ ಚೀಲದೊಳಗೆ ಬಿಟ್ಟು, “ಮಲಕೋ ಇನ್ನ” ಎನ್ನುತ್ತಿದ್ದರು. ಮುಂಜಾನೆ ಪೂಜೆಗೂ ಮೊದಲು ಬಂದು ತೆಗೆಯುತ್ತಿದ್ದರು. ಕತ್ತಲಿನಲ್ಲಿ ಒಂದಿಷ್ಟು ಬೆಳಕು ಬಿದ್ದರೂ ಲೆಕ್ಕ ತಪ್ಪುತ್ತದೆ ಎಂದು ಸೊಸೆ ಬಾಯಿ ತಪ್ಪಿ ಹೇಳಿದ್ದೇ ತಡ, ಸಂಜೆಯಾದ ಮೇಲೆ ಓಣಿಯಲ್ಲಿ ಬೈಕಿನವರು ಲೈಟು ಆರಿಸಿ ತಳ್ಳಿಕೊಂಡು ಹೋಗಬೇಕೆಂಬ ಕಟ್ಟಳೆಯಾಯಿತು. ಗೋದಾಮಿನ ಕಿಟಕಿಗಳೆಲ್ಲ ಮುಚ್ಚಿವೆಯೆಂದು ಶೈಲಜಾ ಹೇಳಿ ನೋಡಿದಳು. “ಮುಚ್ಚಿದ್ರೇನಾತು, ಮೀಸಲ ಅಂದ್ರ ಮಂದಿಗೆ ಅಂಜಿಕಿ ಇರಲಿ,” ಎಂದರು ಚನ್ನವ್ವ. ತವರಿನಲ್ಲಿ ಅಣ್ಣನ ಮಗಳ ಮದುವೆಗೂ ಅವರು ಹೋಗಲಿಲ್ಲ. ಕೇಳಿದವರಿಗೆ, ಮಲಗಿಸುವವರು ಬೇರೆ ಯಾರೂ ಇಲ್ಲ ಎಂದರು.

ಇತ್ತ ಶೈಲಜಾ ಕತ್ತರಿ ಆಡಿಸಿದಳು, ಊರಿದಳು. ಟ್ರೇಗಳು ಬಾಗಿಲವರೆಗೆ ಬಂದವು. ಕಾಟಾದ ಹಲಗೆ ತುಂಬಿತು. ಹೊಸ ತಾಯಿ ಗಿಡಗಳೆಂದು ಆರಿಸಿದವು ಕುಂಡದಲ್ಲಿ ಎದ್ದು ನಿಂತವು. ಆದರೆ ಎಲ್ಲವೂ ಒಂದು ಹೂವಿನ ಸಾಲದ ಮೇಲೆ ನಿಂತ ಸಂಸಾರ. ಸಂಗಪ್ಪ ಎರಡು ದಿನಕ್ಕೊಮ್ಮೆ ಕಿತ್ತೂರಿನಿಂದ ಬಂದು, ಟ್ರೇಗಳ ನಡುವೆ ಕುರ್ಚಿ ಹಾಕಿಕೊಂಡು, ಮೊಗ್ಗು ಬರಬೇಕಾದ ತುದಿಯನ್ನು ದಿಟ್ಟಿಸುತ್ತ ಕೂರುತ್ತಿದ್ದ.

ಮೊಗ್ಗು ಬಂತು. ಮೊದಲು ಸಾಸಿವೆ, ಆಮೇಲೆ ಕಡಲೆ, ಆಮೇಲೆ ಬಿಗಿಹಿಡಿದ ಮುಷ್ಟಿ. ಗೋದಾಮಿನ ಉಳಿದ ಟೊಂಗೆಗಳು ಬೇಸಗೆಯಲ್ಲೇ ಇದ್ದವು. ದೀಪಾವಳಿಗೆ ಇನ್ನೂ ಸ್ವಲ್ಪ ದಿನವಿರುವಾಗ, ಒಂದು ಮುಂಜಾನೆ ಹೂ ಅರಳಬಹುದು ಎಂದು ಗೊತ್ತಾಗಿ ಎಲ್ಲರೂ ಬಂದು ಸೇರಿದರು. ಚನ್ನವ್ವ ತಲೆಯ ಮೇಲೆ ಸೆರಗು ಹೊದ್ದು ಕರಿ ಚೀಲ ಎತ್ತಿದರು.

ಒಳಗೆ ಹಳದಿ ಹೂವಿತ್ತು.

ತಾಮ್ರದ ಬಣ್ಣದ ಸುಳಿವೂ ಅದರಲ್ಲಿರಲಿಲ್ಲ. ಹಿಂಡಿದರೆ ಬಣ್ಣ ಇಳಿಯುವಂಥ ಅರಿಶಿನ ಹಳದಿ. ಸಂಗಪ್ಪ ಕಣ್ಣು ಉಜ್ಜಿಕೊಂಡ.

ಏನಾಗಿದೆ ಎಂದು ಶೈಲಜಾಳಿಗೆ ಒಡನೆಯೇ ತಿಳಿಯಿತು. ಸೇವಂತಿಗೆಯಲ್ಲಿ ಹೀಗಾಗುವುದುಂಟು. ಚಿಗುರಿನ ತುದಿಯ ಯಾವುದೋ ಒಂದು ಜೀವಕೋಶ ತನ್ನಷ್ಟಕ್ಕೆ ಬದಲಾಗುತ್ತದೆ. ಅದರಿಂದ ಬೆಳೆದ ಟೊಂಗೆಯೆಲ್ಲ ಹೊಸ ತಳಿಯಾಗುತ್ತದೆ. ಹೂ ಬಿಡುವವರೆಗೆ ಅದರ ಗುಟ್ಟು ಹೊರಬೀಳುವುದಿಲ್ಲ. ಜೀವಮಾನವಿಡೀ ಕಾದರೂ ಎಷ್ಟೋ ಜನಕ್ಕೆ ಸಿಗದ ಟೊಂಗೆ ಇದು. ಸಿಕ್ಕಿದ್ದು ಮಾತ್ರ ಇಂಥ ಹೊತ್ತಿನಲ್ಲಿ.

“ಇದು ಅದ ಗಿಡ ಹೌದೋ ಅಲ್ಲೋ?” ಕೇಳಿದರು ಮಲಕಾಜಪ್ಪ. ಕಾಟಾದ ಮೇಲೆ ಟ್ರೇಗಳಿದ್ದುದರಿಂದ ಅವರು ನಿಂತೇ ನ್ಯಾಯ ಹೇಳಬೇಕಾಗಿ, ಸ್ವಲ್ಪ ಸಿಟ್ಟಿನಲ್ಲಿದ್ದರು.

ಹೌದು ಎಂದರೆ ಮೀಸಲು ಸಂದಿತು, ಟ್ರೇಗಳಿಗೆ ಬಿಡುಗಡೆ. ಆದರೆ ಅದು ಪೂರ್ತಿ ಸತ್ಯವಲ್ಲ. ಅಲ್ಲ ಎಂದರೆ ಹೂ ಬೇರೆ ಗಿಡದ್ದಾಯಿತು, ತಾಯಿಯ ಮೀಸಲು ಬಾಕಿ ಉಳಿಯಿತು, ಮರಿ ಸಮೇತ ಎಲ್ಲವೂ ಹೊಳೆಗೆ. ಶೈಲಜಾ ಬಾಯಿ ತೆರೆದಳು. ಹೌದು ಮತ್ತು ಅಲ್ಲ, ಎರಡೂ ನಾಲಿಗೆಯ ತುದಿಗೆ ಒಟ್ಟಿಗೇ ಬಂದು ಸಿಕ್ಕಿಕೊಂಡವು.

“ಅಲ್ರಿ, ಇದರಾಗ ಕಾಣತೈತಲ್ರಿ,” ಎಂದ ಭೀಮಶಿ ಖುಷಿಯಾಗಿ. “ಒಂದ ಬುಡದಾಗಿದ್ರೂ ಬ್ಯಾರಿ ಆಗಾಕ ಬರತೈತಿ.”

“ಅದನ್ನ ನಾ ಮೊದ್ಲಿಂದ ಹೇಳಾಕ ಹತ್ತಿದ್ದು,” ಎಂದ ಕಂಬದ ಮರೆಯಿಂದ ಬಾಳು. ಅಣ್ಣ ತಮ್ಮ ಒಂದು ಮಾತಿಗೆ ಒಪ್ಪಿದ್ದು ಪಾಲಾದ ಮೇಲೆ ಅದೇ ಮೊದಲು.

“ಬಾಯಿ ಮುಚ್ಚರೋ ಇಬ್ಬರೂ,” ಎಂದರು ಚನ್ನವ್ವ. ಹೂವಿನ ಮೇಲಿಂದ ಅವರು ಕಣ್ಣು ತೆಗೆದಿರಲಿಲ್ಲ. “ಅದ ಗಿಡ ಹೌದೋ ಅಲ್ಲೋ ಅಂತ ಇವರನ್ನ ಏನ ಕೇಳತೀರಿ? ದಿನಾ ಮಲಗಿಸಿದಾಕಿ ನಾನು. ಮೂರ ಮಕ್ಕಳ ಹಡದೇನಿ. ಒಂದು ಕರೇದು, ಒಂದು ಕೆಂಪು, ಈ ಶ್ರೀಶೈಲ ಯಾವ ಬಣ್ಣ ಅಂತ ಇನ್ನೂ ಗೊತ್ತಾಗಿಲ್ಲ. ಬಣ್ಣ ಬ್ಯಾರಿ ಐತಿ ಅಂತ ಯಾವುದನ್ನ ಹೊರಗ ಹಾಕಲಿ? ನಮ್ಮ ಗಿಡದ ಹೂನ ಇದು. ಏರಸತೇನಿ.”

ಮಲಕಾಜಪ್ಪ ಕೂಡಲೇ ಒಪ್ಪಿದರು. ನಿಂತು ನಿಂತು ಅವರ ಕಾಲುಗಳು ನೋಯುತ್ತಿದ್ದವು.

ಹೂ ಜಗಲಿ ಏರಿತು. ಸಂಗಪ್ಪನ ಟೆಂಪೋ ಬಾಗಿಲಿಗೆ ಬಂದು ಟ್ರೇಗಳು ಹೊರಡತೊಡಗಿದವು. ಶೈಲಜಾ ನಿಟ್ಟುಸಿರು ಬಿಟ್ಟು ತಿರುಗಿ ನೋಡಿದರೆ ಚನ್ನವ್ವ ಸೆರಗು ಕಟ್ಟಿಕೊಂಡು ಹಳದಿ ಟೊಂಗೆಯನ್ನು ಬುಡದಿಂದಲೇ ಕತ್ತರಿಸಿ, ಚೀಲದ ಹೊರಗುಳಿದು ಅದರ ಬುಡದಲ್ಲಿ ಒಡೆದಿದ್ದ ಮರಿ ಚಿಗುರುಗಳನ್ನೆಲ್ಲ ಬಿಡಿಸಿ ತಾಟಿನಲ್ಲಿ ಹಾಕುತ್ತಿದ್ದರು.

“ಅತ್ಯಾರ, ಅದೇನ ಮಾಡಾಕ ಹತ್ತೀರಿ?”

“ಮೀಸಲ ಅಂದಮ್ಯಾಲ ಟೊಂಗಿ ಪೂರಾ ದೇವರದು. ದೇವರ ಮುಂದಿಟ್ಟು ಪ್ರಸಾದ ಹಂಚೂದು.”

“ಆ ಚಿಗುರು ನನಗ ಬೇಕ್ರಿ.”

“ಬೇಕಾದವರು ಸರತಿಗೆ ನಿಂದರ್ರಿ,” ಎಂದು ಚನ್ನವ್ವ ಎಲ್ಲರಿಗೂ ಕೇಳುವಂತೆ ಹೇಳಿದರು. “ಮನಿಯವರು ಕಡೀಕ.”

ಶೈಲಜಾ ಸೆರಗು ಸರಿಮಾಡಿಕೊಂಡು ಸಾಲಿನ ಕೊನೆಯಲ್ಲಿ ನಿಂತಳು. ತನ್ನದೇ ಗೋದಾಮಿನಲ್ಲಿ, ಬೊಗಸೆ ಮಾಡಿಕೊಂಡು. ಮುಂದೆ ನಡೆಯುತ್ತಿದ್ದುದನ್ನು ನೋಡಲಾಗದೆ ನೋಡಿದಳು. ಯಶೋಧಾ ಒಂದು ಚಿಗುರನ್ನು ಮುಡಿಗೆ ಸಿಕ್ಕಿಸಿಕೊಂಡಳು. ಮಲಕಾಜಪ್ಪ ಪ್ರಸಾದ ನೆಲಕ್ಕೆ ಬೀಳಬಾರದೆಂದು ಎಲೆ ಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡು ಅಗಿದರು. ಸಂಗಪ್ಪ ಟೆಂಪೋದ ಗಾಜಿನ ಮುಂದೆ, ನಿಂಬೆಹಣ್ಣಿನ ಪಕ್ಕ ಬಿಸಿಲಿಗೆ ಇಟ್ಟ. ಭೀಮಶಿ, ಬಾಳು ತಾವು ಬೇರೆ ಬೇರೆ ಮನೆಯೆಂದು ಹೇಳಿ ಎರಡು ಪಡೆದರು. ಓಣಿಯ ಹೆಂಗಸರು ಮಕ್ಕಳೊಡನೆ ಬಂದಿದ್ದರು. ಶೈಲಜಾಳ ಮುಂದೆಯೇ ನಿಂತಿದ್ದ ಶ್ರೀಶೈಲ ತನ್ನ ಪಾಲು ತೆಗೆದುಕೊಂಡು, ಹೆಂಡತಿ ಕಣ್ಣು ಸನ್ನೆ ಮಾಡುವುದರೊಳಗೆ ಭಕ್ತಿಯಿಂದ ನುಂಗಿದ.

ಅವಳ ಸರದಿ ಬಂದಾಗ ತಾಟಿನಲ್ಲಿ ಒಂದೇ ಉಳಿದಿತ್ತು. ಕಿರುಬೆರಳಿಗಿಂತ ಗಿಡ್ಡ, ಎರಡು ಎಲೆ, ನಡುವೆ ಒಂದು ತುದಿ.

“ಕಣ್ಣಿಗೆ ಒತ್ತಕೋ,” ಎಂದರು ಚನ್ನವ್ವ.

ಶೈಲಜಾ ಒತ್ತಿಕೊಂಡಳು. ತುಂಡಿನಲ್ಲಿ ಗಿಣ್ಣುಗಳು ಸರಿಯಾಗಿವೆಯೇ ಎಂದು ಹತ್ತಿರದಿಂದ ನೋಡುತ್ತಿದ್ದುದರಿಂದ ಬಹಳ ಹೊತ್ತು ಒತ್ತಿಕೊಂಡಳು. ಸೊಸೆಯ ಭಕ್ತಿ ಕಂಡು ಚನ್ನವ್ವನಿಗೆ ಸಂತೋಷವಾಯಿತು.

ಅದು ಬದುಕಿತು. ಬೇರು ಬಿಟ್ಟಿತು, ಸಣ್ಣ ಕುಂಡಕ್ಕೆ ಬಂತು, ಗೇಣುದ್ದ ನೆಟ್ಟಗೆ ಎದ್ದಿತು. ಒಂದು ಮುಂಜಾನೆ ಚನ್ನವ್ವ ಅರಿಶಿನದ ದಾರ ಹಿಡಿದು ಗೋದಾಮಿಗೆ ಬಂದರು.

“ಈ ಸಲ ಮೊದಲ ಮೀಸಲ ಕಟ್ಟೂನು, ಆಮ್ಯಾಲ ಮಾತಿಲ್ಲ. ಯಾವ ಟೊಂಗಿಗೆ ಕಟ್ಟಲಿ?”

“ಇದಕ್ಕ ಇರೂದ ಒಂದ ಟೊಂಗಿ ಅಲ್ರಿ ಅತ್ಯಾರ.”

ಚನ್ನವ್ವ ಕುಂಡವನ್ನು ಸುತ್ತಿ ತಿರುಗಿಸಿ ನೋಡಿ, ದಾರವನ್ನು ಮತ್ತೆ ಸುತ್ತಿಟ್ಟುಕೊಂಡರು. “ಹಂಗಾರ ಎರಡನೇದು ಬರಲಿ. ಒಂದು ದೇವರಿಗೆ, ಒಂದು ನಿನಗ. ಅಲ್ಲೀತನಾ ಇದಕ್ಕ ಕತ್ತರಿ ಹಚ್ಚಬ್ಯಾಡ. ಕತ್ತರಿ ನನ್ನ ಕಡೇನ ಇರಲಿ.”

ತುದಿ ಕತ್ತರಿಸದೆ ಸೇವಂತಿಗೆ ಎರಡನೇ ಟೊಂಗೆ ಒಡೆಯುವುದಿಲ್ಲ. ತುದಿ ಇರುವವರೆಗೆ ಅದು ಕೆಳಗಿನ ಚಿಗುರುಗಣ್ಣುಗಳನ್ನು ಏಳಗೊಡದು. ಶೈಲಜಾಳಿಗೆ ಇದನ್ನು ಚೆನ್ನಾಗಿ, ಉದಾಹರಣೆ ಸಮೇತ ವಿವರಿಸಲು ಬರುತ್ತಿತ್ತು. ಬಾಯಿಯನ್ನೂ ತೆರೆದಿದ್ದಳು. ಹಿಂದಿನ ಸಲ ವಿವರಿಸಿದ್ದು ನೆನಪಾಗಿ ಮುಚ್ಚಿದಳು.

“ಆಗಲಿರಿ,” ಎಂದಳು.

ಚನ್ನವ್ವ ಬಾನಿಯ ಕಡೆ ತಿರುಗಿ, ತಾಯಿ ಗಿಡದ ಉಳಿದ ಟೊಂಗೆಗಳನ್ನು ನೋಡಿ, ನಿದ್ದೆಯಿಲ್ಲದೆ ಹೇಗೆ ಬಾಡಿದೆ ಎಂದು ಮರುಗತೊಡಗಿದರು. ಅವರ ಬೆನ್ನ ಹಿಂದೆ ಶೈಲಜಾ ಹೆಬ್ಬೆರಳು ತೋರುಬೆರಳಿನ ಉಗುರುಗಳ ನಡುವೆ ಹಳದಿ ಗಿಡದ ತುದಿಯನ್ನು ಹಿಡಿದು ಚಿವುಟಿ, ಅತ್ತೆ ತಿರುಗುವುದರೊಳಗೆ ಬಾಯಿಗೆ ಹಾಕಿಕೊಂಡಳು. ಕಹಿಯಾಗಿತ್ತು. ಪ್ರಸಾದದ ಮರಿಯಲ್ಲವೇ ಎಂದು ನುಂಗಿದಳು.